ಮುಂದಿನ ಹಡಗು ಯಾವುದು?

"ಇಬ್ಬರೂ ಒಂದೇ ಸಲ ಇಡಬೇಕು. ನೀ ಮೊದಲು, ಅವ ಆಮ್ಯಾಲ ಅನ್ನಂಗಿಲ್ಲ," ಎಂದಳು ರಹೀಮಾಬೀ.

ಬಸ್ಸಪ್ಪನ ಕೈ ಅಂಗಿಯ ಜೇಬಿನ ಮೇಲಿತ್ತು. ಪಂಪಣ್ಣನ ಕೈ ಬಗಲಚೀಲದೊಳಗಿತ್ತು. ಎರಡು ಕೈಯೂ ಹೊರಗೆ ಬರಲೊಲ್ಲವು.

"ಅಕ್ಕಾ, ಪತ್ರ ಮನಿಯಾಗ ಬಿಟ್ಟು ಬಂದೀನೇನೋ..." ಎಂದು ಬಸ್ಸಪ್ಪ ರಾಗ ತೆಗೆದ.

"ಮನಿಯಾಗ ಬಿಟ್ಟಿದ್ರ ಜೇಬು ಯಾಕ ಹಿಡ್ಕೊಂಡಿ?"

ಗೋಡೆಯ ಬದಿಗೆ ಊಟಕ್ಕೆ ಕುಳಿತಿದ್ದ ನಾಲ್ಕಾರು ಮಂದಿ ಕಿಸಕ್ಕನೆ ನಕ್ಕರು. ಬಸ್ಸಪ್ಪನ ಕಿವಿ ಕೆಂಪಾಯಿತು.

ಮಸ್ಕಿಯ ಗದ್ದೆಮ್ಮನ ಖಾನಾವಳಿಯಲ್ಲಿ ಭಾನುವಾರದ ಮಧ್ಯಾಹ್ನ. ಬಂದವರೆಲ್ಲ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಮುರಿಯುತ್ತಿದ್ದರು. ಖಾನಾವಳಿಗೆ ಇದ್ದದ್ದು ಒಂದೇ ದೊಡ್ಡ ಮೇಜು. ಅದನ್ನು ಒಂದು ವಾರದಿಂದ ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ಆಕಾಶ ಹರಡಿಕೊಂಡಿತ್ತು.

ಕಪ್ಪು ಬಟ್ಟೆ, ಅದರ ತುಂಬ ಸುಣ್ಣದ ಚುಕ್ಕಿ. ನಡುವೆ ಬೋರಲು ಹಾಕಿದ ಮಣ್ಣಿನ ಮುಚ್ಚಳವೇ ಚಂದ್ರ. ಅದರ ಸುತ್ತ ಬೆರಳುದ್ದದ ಕಟ್ಟಿಗೆಯ ಗಗನ ಹಡಗುಗಳು, ನಿಂತಲ್ಲೇ ನಿಂತಿದ್ದವು. ಬೆಕ್ಕು ಹಾರಿ ಯುದ್ಧ ಕೆಡಿಸಬಾರದೆಂದು ಗದ್ದೆಮ್ಮ ಎಲ್ಲಕ್ಕೂ ಸೇರಿಸಿ ಸೊಳ್ಳೆಪರದೆ ಹೊದಿಸಿದ್ದಳು.

ಹೋದ ಭಾನುವಾರ ಚುಕ್ಕಿದಂಡು ಆಟದ ಕೊನೆಯ ಪಂದ್ಯ ಒಂದೇ ಒಂದು ನಿಯಮದ ಅರ್ಥಕ್ಕೆ ಜಗಳ ಬಿದ್ದು ಅರ್ಧಕ್ಕೆ ನಿಂತಿತ್ತು. ಆ ನಿಯಮದ ಬಗ್ಗೆ, ಆಟ ಮಾಡಿದವರೆಂದು ಮೂರು ಊರೂ ಹೇಳುವ ವೆಂಕೋಬ ಮಾಸ್ತರರ ಪತ್ರ ಇಬ್ಬರಿಗೂ ಬಂದಿದೆ, ಇಬ್ಬರೂ ಅದನ್ನು ಅಡಗಿಸಿಟ್ಟಿದ್ದಾರೆ ಎಂಬುದನ್ನು ರಹೀಮಾಬೀ ನಿನ್ನೆಯಷ್ಟೇ ಪತ್ತೆ ಮಾಡಿದ್ದಳು.

"ಒಂದು... ಎರಡು..." ಎಂದು ಅವಳು ಎಣಿಸಿದಳು. "ಮೂರು."

ಎರಡು ನೀಲಿ ಇನ್‌ಲ್ಯಾಂಡ್ ಪತ್ರಗಳು ಮೇಜಿನ ಅಂಚಿಗೆ ಬಿದ್ದವು.

ರಹೀಮಾಬೀ ಮೊದಲು ಬಸ್ಸಪ್ಪನ ಪತ್ರ ಎತ್ತಿಕೊಂಡಳು. ಅವನು ಸಿಂಧನೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್, ಮೂವತ್ತರ ಪ್ರಾಯ, ಸಿಂಧನೂರು ತಂಡದ ಮುಖ್ಯಸ್ಥ. ಪತ್ರ ಮಡಚಿ ಮಡಚಿ ಬಟ್ಟೆಯಷ್ಟು ಮೆತ್ತಗಾಗಿತ್ತು. ಗಟ್ಟಿಯಾಗಿ ಓದಿದಳು:

"'ಚಿರಂಜೀವಿ ಬಸ್ಸಪ್ಪನಿಗೆ ಆಶೀರ್ವಾದಗಳು. ಹನ್ನೊಂದನೆಯ ನಿಯಮದಲ್ಲಿ ಮುಂದಿನ ಹಡಗು ಎಂದರೆ ಶತ್ರುವಿಗೆ ಎಲ್ಲಕ್ಕಿಂತ ಹತ್ತಿರ ಇರುವ ಹಡಗು ಎಂದು ತಿಳಿಯುವುದು.'"

ಒಬ್ಬ ಮುದುಕ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಕೇಳಿದ: "ಹಂಗಂದ್ರ ಬಸ್ಸಪ್ಪ ಸೋತಂಗ ಅಲ್ಲೇನು?"

"ಸೋತಂಗ," ಎಂದಳು ರಹೀಮಾಬೀ. ಈಗ ಪಂಪಣ್ಣನ ಪತ್ರ ತೆಗೆದಳು. ಅವನ ಮನೆ ಲಿಂಗಸುಗೂರು, ಕೆಲಸ ಹಟ್ಟಿಯ ಗಣಿಯಲ್ಲಿ, ಆಳುಗಳನ್ನು ಇಳಿಸಿ ಏರಿಸುವ ಯಂತ್ರದ ಮುಂದೆ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಲಿಂಗಸುಗೂರು ತಂಡ ಅವನ ಕೈಯಲ್ಲಿತ್ತು.

"'ಚಿರಂಜೀವಿ ಪಂಪಣ್ಣನಿಗೆ ಆಶೀರ್ವಾದಗಳು. ಹನ್ನೆರಡನೆಯ ನಿಯಮದ ಪ್ರಕಾರ ಕೆಂಪು ಬಾವುಟದ ಹಡಗು ಬಿದ್ದರೆ ಮಾತ್ರ ತುಕಡಿ ಸುಮ್ಮನಾಗತಕ್ಕದ್ದು. ಬೇರೆ ಹಡಗು ಬಿದ್ದರೆ ಏನೂ ಬಾಧೆಯಿಲ್ಲ.'"

ಮುದುಕ ತುತ್ತನ್ನು ತಟ್ಟೆಗೇ ಇಟ್ಟುಬಿಟ್ಟ. "ಹಂಗಂದ್ರ ಪಂಪಣ್ಣ ಸೋತಂಗ!"

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ನಗೆ ಎದ್ದಿತು ನೋಡಿ, ಒಳಗಿಂದ ಗದ್ದೆಮ್ಮ ಕೈಯಲ್ಲಿ ಹಿಟ್ಟು ಸಮೇತ ಓಡಿಬಂದಳು. ಒಬ್ಬನಿಗೆ ಸೋಲಿನ ಪತ್ರ ಬಂದಿದ್ದರೆ ಇನ್ನೊಬ್ಬನಿಗೆ ಗೆಲುವಿನದು ಬಂದಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಇಬ್ಬರೂ ಬಚ್ಚಿಟ್ಟದ್ದು ಸೋಲುವ ಪತ್ರ!

ಆ ನಿಯಮದ ತಂಟೆ ಇಷ್ಟೇ. ಐದು ಹಡಗು ಒಟ್ಟಾಗಿ ಸಾಗಿದರೆ ಅದು ತುಕಡಿ. ತುಕಡಿಗೊಂದು ಕೆಂಪು ಬಾವುಟದ ನಾಯಕ ಹಡಗು. ನಿಯಮ ಪುಸ್ತಕದಲ್ಲಿ ಅಚ್ಚಾಗಿದ್ದದ್ದು: 'ತುಕಡಿಯ ಮುಂದಿನ ಹಡಗು ಬಿದ್ದರೆ, ಉಳಿದ ಹಡಗುಗಳು ಆ ಪಾಳಿಯಲ್ಲಿ ಗುಂಡು ಹಾರಿಸತಕ್ಕದ್ದಲ್ಲ.' ಬಾವುಟದ ಹಡಗು ಯಾವಾಗಲೂ ಮುಂದೆಯೇ ಇರುತ್ತಿದ್ದುದರಿಂದ ಹನ್ನೆರಡು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ.

ಹೋದ ಭಾನುವಾರ ಬಸ್ಸಪ್ಪ ಒಂದು ಚಮತ್ಕಾರ ಮಾಡಿದ. ತುಕಡಿಯನ್ನು ಚಂದ್ರನ ಹಿಂದಿನಿಂದ ಸುತ್ತಿ ತಂದು ಒಮ್ಮೆಲೇ ತಿರುಗಿಸಿದ. ತಿರುಗಿದಾಗ ಬಾವುಟದ ಹಡಗು ಎಲ್ಲಕ್ಕಿಂತ ಹಿಂದಾಯಿತು. ಪಂಪಣ್ಣ ದಾಳ ಉರುಳಿಸಿ, ಎದುರಿಗೆ ಸಿಕ್ಕ ಮೊದಲ ಹಡಗನ್ನು ಹೊಡೆದು ಕೆಡವಿದ.

"ಮುಂದಿದ್ದದ್ದು ಬಿತ್ತು. ನಿನ್ನ ತುಕಡಿ ಬಾಯಿ ಮುಚ್ಚಬೇಕು," ಎಂದಿದ್ದ ಪಂಪಣ್ಣ.

"ಮುಂದಿನ ಹಡಗು ಅಂದ್ರ ಮುಂದ ನಿಂತು ನಡಸೋದು. ಬಾವುಟದ್ದು. ಅದು ಇನ್ನೂ ಜೀವಂತ ಐತಿ," ಎಂದಿದ್ದ ಬಸ್ಸಪ್ಪ.

ಬಸ್ಸಪ್ಪನ ತುಕಡಿ ಗುಂಡು ಹಾರಿಸಿದರೆ ಒಂದು ಗೇಣು ದೂರದಲ್ಲಿದ್ದ ಪಂಪಣ್ಣನ ತಾಯಿಹಡಗು ಉಳಿಯುವಂತಿರಲಿಲ್ಲ, ಅದು ಬಿದ್ದರೆ ಆಟ ಸೋತಂತೆ. ಹಾರಿಸದಿದ್ದರೆ ಮುಂದಿನ ಪಾಳಿಗೆ ಬಸ್ಸಪ್ಪನ ಕಥೆ ಮುಗಿದಂತೆ. ಇಡೀ ಪಂದ್ಯ ಒಂದು ಶಬ್ದದ ಮೇಲೆ ನಿಂತಿತ್ತು.

ನಗೆ ಬಹಳ ಹೊತ್ತು ಉಳಿಯಲಿಲ್ಲ. ಮೂಲೆಯಿಂದ ಯಾರೋ ಅಂದರು: "ಒಬ್ಬರಿಗೆ ಹಂಗ, ಒಬ್ಬರಿಗೆ ಹಿಂಗ. ಮಾಸ್ತರ್‌ಗೆ ಅರಳುಮರಳು ಆಗೇತಿ ತಗೀರಿ."

"ಅರಳುಮರಳು ಅಲ್ಲ, ಎರಡು ನಾಲಿಗಿ," ಎಂದ ಇನ್ನೊಬ್ಬ.

"ಮಾಸ್ತರ್ ಹೆಸರು ತಗೀಬ್ಯಾಡ್ರಿ!" ಪಂಪಣ್ಣ ಮೇಜು ಕುಟ್ಟಿದ. ಚಂದ್ರ ನಡುಗಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಮಸ್ಕಿಯಲ್ಲಿ ಯಾರೂ ಕೇಳಿರಲಿಲ್ಲ.

ಬಸ್ಸಪ್ಪನ ಮುಖ ಸಣ್ಣದಾಗಿತ್ತು. "ಅಕ್ಕಾ, ಮಾಸ್ತರ್ ಮಾತೇ ಎರಡಾದ್ರ ನಾವು ಯಾರನ್ನ ನಂಬೋದು? ನಮ್ಮ ಹುಡುಗರು ಬ್ಯಾರೆ ಪುಸ್ತಕ ಮಾಡ್ಕೊಂತೀವಿ ಅನ್ನಾಕತ್ತಾರ. ಲಿಂಗಸುಗೂರಿನವ್ರೂ ಅದನ್ನೇ ಅಂತಾರ."

"ಎರಡು ಪುಸ್ತಕ ಆದ್ರ ಎರಡು ಆಟ ಆಗ್ತಾವ," ಎಂದಳು ರಹೀಮಾಬೀ. "ಆಮ್ಯಾಲ ಈ ಮೇಜಿಗೆ ಯಾರೂ ಬರಂಗಿಲ್ಲ. ನಾಕು ಗಂಟೆ ತನಕ ಟೈಮ್ ಕೊಡ್ರಿ. ಅಲ್ಲೀತನಕ ಮಾಸ್ತರ್ ಬಗ್ಗೆ ಒಂದು ಕೆಟ್ಟ ಮಾತು ಯಾರ ಬಾಯಾಗೂ ಬರಬಾರದು."

ನಾಲ್ಕು ಗಂಟೆ ಯಾಕೆ ಎಂದು ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

*

ರಹೀಮಾಬೀ ಆಟ ಆಡಿದವಳಲ್ಲ. ಸಿಂಧನೂರು ಬಸ್ ಸ್ಟ್ಯಾಂಡಿನ ಹಿಂದಿನ ಸಣ್ಣ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುವವಳು. ಮದುವೆ ಪತ್ರಿಕೆ, ಕರಪತ್ರ, ಜಾತ್ರೆಯ ಭಿತ್ತಿಪತ್ರ, ಎಲ್ಲವೂ ಅವಳ ಬೆರಳ ತುದಿಯಿಂದಲೇ ಹೊರಬರಬೇಕು. ತಿರುಗುಮುರುಗಾದ ಅಕ್ಷರ ಓದಿ ಓದಿ ಅವಳ ಕಣ್ಣಿಗೆ ಒಂದು ಚಟ ಅಂಟಿತ್ತು: ಎಲ್ಲರೂ ಸಾಲು ಓದಿದರೆ ಅವಳು ಅಕ್ಷರ ಓದುತ್ತಿದ್ದಳು. ಆ ಕಣ್ಣಿನಿಂದಲೇ ಊರಿನ ಎಷ್ಟೋ ಗುಟ್ಟು ಬಿಡಿಸಿದ್ದಳು.

ಚುಕ್ಕಿದಂಡಿನ ನಿಯಮ ಪುಸ್ತಕವನ್ನು ಎಂಬತ್ತರಲ್ಲಿ ಜೋಡಿಸಿದವಳೂ ಅವಳೇ. ಈಗ ತೊಂಬತ್ತೆರಡು, ಎರಡನೇ ಮುದ್ರಣಕ್ಕೆ ಎಲ್ಲ ಪುಟಗಳೂ ತಯಾರಾಗಿ ಪ್ರೆಸ್ಸಿನ ಅಚ್ಚಿನ ಕಲ್ಲಿನ ಮೇಲೆ ಕುಳಿತಿದ್ದವು. ಈ ಒಂದು ಸಾಲಿನ ಜಾಗ ಮಾತ್ರ ಖಾಲಿ. ಪಂದ್ಯ ಗೆದ್ದವರ ಹೆಸರು ಮೊದಲ ಪುಟದಲ್ಲಿ ಬರಬೇಕೆಂದು ಎರಡೂ ತಂಡ ಒಪ್ಪಿದ್ದರಿಂದ ಆ ಜಾಗವೂ ಖಾಲಿ.

ಕಿಟಕಿಯ ಹತ್ತಿರ ಕುಳಿತು ಎರಡು ಪತ್ರಗಳನ್ನು ಮೊಣಕಾಲ ಮೇಲೆ ಹರಡಿದಳು.

ಕೈಬರಹ ಹಿಡಿದು ಹೋಗುವುದು ದಂಡ ಎಂದು ಅವಳಿಗೆ ಗೊತ್ತಿತ್ತು. ವೆಂಕೋಬ ಮಾಸ್ತರ್ ಲಿಂಗಸುಗೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವರು. ಅಕ್ಷರ ದುಂಡಗೆ ಬರುವ ತನಕ ಹುಡುಗರನ್ನು ಮನೆಗೆ ಬಿಟ್ಟವರಲ್ಲ. ತಾಲೂಕಿನ ಅರ್ಧ ಮಂದಿಯ ಅಕ್ಷರ ಮಾಸ್ತರರ ಅಕ್ಷರವೇ ಆಗಿತ್ತು.

ಆದರೆ ಅಂಕಿ ಬೇರೆ ಮಾತು. ಒಂದು ಪತ್ರ ಹನ್ನೊಂದನೆಯ ನಿಯಮ ಅನ್ನುತ್ತದೆ, ಇನ್ನೊಂದು ಹನ್ನೆರಡನೆಯದು.

ಯಾಕೆಂದು ಲೋಕದಲ್ಲಿ ಗೊತ್ತಿದ್ದವರು ಇಬ್ಬರೇ. ಮಾಸ್ತರರ ಕೈಬರಹದ ನೋಟ್‌ಬುಕ್ಕಿನಲ್ಲಿ ತುಕಡಿಯ ನಿಯಮ ಹನ್ನೆರಡನೆಯದು. ಪುಸ್ತಕ ಜೋಡಿಸುವಾಗ ಪುಟ ಉಳಿಸಲೆಂದು ರಹೀಮಾಬೀ ನಾಲ್ಕನೆಯದನ್ನೂ ಐದನೆಯದನ್ನೂ ಸೇರಿಸಿ ಒಂದು ಮಾಡಿದ್ದಳು. ಅಚ್ಚಿನಲ್ಲಿ ಅದು ಹನ್ನೊಂದಾಯಿತು. ಮಾಸ್ತರ್ ಮಾತ್ರ ಇವತ್ತಿಗೂ ತಮ್ಮ ನೋಟ್‌ಬುಕ್ಕಿನ ಲೆಕ್ಕವನ್ನೇ ಹೇಳುತ್ತಿದ್ದರು. ಅಂದರೆ ಹನ್ನೊಂದು ಎಂದು ಬರೆದವರ ಮುಂದೆ ಇದ್ದದ್ದು ಅಚ್ಚಿನ ಪುಸ್ತಕ.

ಇನ್ನು ಅಂಚೆಯ ಮುದ್ರೆ. ಮಾಸ್ತರ್ ಈಗ ಇರುವುದು ಮುದಗಲ್ಲಿನಲ್ಲಿ. ಪಂಪಣ್ಣನ ಪತ್ರದ ಮೇಲೆ ಮುದಗಲ್ ಎಂದು ನಿಚ್ಚಳವಾಗಿತ್ತು. ಬಸ್ಸಪ್ಪನ ಪತ್ರದ ಮುದ್ರೆ ಅಲುಗಿತ್ತು. ಬಿಸಿಲಿಗೆ ಹಿಡಿದು ನೋಡಿದಳು. ಎರಡೇ ಅಕ್ಷರದ ಊರು. ಮೊದಲನೆಯದು 'ಮ'. ಎರಡನೆಯದಕ್ಕೆ ಕೆಳಗೊಂದು ಒತ್ತು.

ಮಸ್ಕಿ.

ಮಸ್ಕಿಯಲ್ಲಿ ಅಚ್ಚಿನ ಪುಸ್ತಕ ಇದ್ದದ್ದು ಒಂದೇ ಒಂದು. ಅದು ಅವಳ ತಲೆಯ ಮೇಲೆಯೇ, ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಬಿದ್ದಿತ್ತು. ಎದ್ದು ತೆರೆದಳು. ಹನ್ನೊಂದನೆಯ ನಿಯಮದ ಪುಟದಲ್ಲಿ, ಸರಿಯಾಗಿ ಆ ಸಾಲಿನ ಪಕ್ಕ, ಒಣಗಿದ ಜೋಳದ ಹಿಟ್ಟಿನ ಹೆಬ್ಬೆಟ್ಟಿನ ಗುರುತು.

ರಹೀಮಾಬೀ ನಿಟ್ಟುಸಿರುಬಿಟ್ಟು ಅಡುಗೆಮನೆಯ ಕಡೆ ನಡೆದಳು.

*

ಗದ್ದೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಹೆಂಗಸು, ತೋಳಿನಲ್ಲಿ ಬಲ, ಮಾತಿನಲ್ಲಿ ಇನ್ನೂ ಬಲ. ಚುಕ್ಕಿದಂಡಿಗೆ ಅವಳೇ ತೀರ್ಪುಗಾರ್ತಿ. ಹನ್ನೆರಡು ವರ್ಷದಲ್ಲಿ ಅವಳ ತೀರ್ಪಿಗೆ ಎದುರಾಡಿದವರಿಲ್ಲ.

"ಬಾ ಅಕ್ಕಾ, ಬಿಸಿ ರೊಟ್ಟಿ ಐತಿ, ಪುಂಡಿಪಲ್ಯೆ ಐತಿ. ಕುಂದ್ರು."

"ಕುಂದ್ರತೀನಿ. ಗದ್ದೆಮ್ಮ, ಆ ಪುಸ್ತಕ ಯಾರ್ಯಾರು ಮುಟ್ಟತಾರ?"

"ಆಡಾಕ ಬಂದೋರೆಲ್ಲ."

"ಎಂಜಲ ಕೈಲೆ?"

"ಹೌದ? ನನ್ನ ಮುಂದ? ಕೈ ತೊಳದು, ಒರಸಿಕೊಂಡು, ನನಗ ತೋರಿಸಿ ಆಮ್ಯಾಲ ಮುಟ್ಟಬೇಕು!"

"ಹಂಗಾದ್ರ ಹನ್ನೊಂದನೇ ನಿಯಮದ ಮ್ಯಾಲ ಹಿಟ್ಟಿನ ಹೆಬ್ಬೆಟ್ಟು ಯಾರದು?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಬಸ್ಸಪ್ಪನ ಪತ್ರ ಮಸ್ಕಿ ಡಬ್ಬಿಗೆ ಬಿದ್ದೈತಿ," ಎಂದಳು ರಹೀಮಾಬೀ ಮೆಲ್ಲಗೆ. "ಬರದವ್ರು ಈ ಪುಸ್ತಕ ನೋಡಿ ಬರದಾರ. ಅಕ್ಷರ ಮಾಸ್ತರ್‌ದಂಗೇ ಐತಿ."

ಗದ್ದೆಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಅದು ಆಗಲೇ ಕಪ್ಪಾಗಿತ್ತು.

"ನಾ ಏನು ಕಳ್ಳ ಅಕ್ಷರ ಬರದಿಲ್ಲಕ್ಕ," ಎಂದಳು. "ನನಗ ಬರೋದೇ ಅದೊಂದು ಅಕ್ಷರ. ನಲವತ್ತು ವರ್ಷ ಹೆಬ್ಬೆಟ್ಟು ಒತ್ತಿದಾಕಿ ನಾ. ಭಾನುವಾರ ಆಟಕ್ಕ ಬಂದಾಗ ಮಾಸ್ತರ್ ಆ ಮೇಜಿನ ಮ್ಯಾಲ ಹಿಟ್ಟು ಹರವಿ, ಅದರಾಗ ಬೆರಳು ಹಿಡದು ತಿದ್ದಿಸಿದ್ರು. ಅವರು ಕಲಿಸಿದಂಗ ಬರೀತೀನಿ. ಬ್ಯಾರೆ ಹೆಂಗ ಬರೀಲಿ?"

ರಹೀಮಾಬೀಗೆ, ತನಗೂ ಮೊದಲ ಮೊಳೆ ಜೋಡಿಸಲು ಯಾರೋ ಬೆರಳು ಹಿಡಿದು ಕಲಿಸಿದ್ದು ನೆನಪಾಗಿ ಎದೆ ಮೆತ್ತಗಾಯಿತು. ಆದರೂ ಕೇಳಲೇಬೇಕಿತ್ತು.

"ತೀರ್ಪು ಹೇಳಾಕಿ ಹಿಂಗ ಮಾಡಬಹುದೇನು?"

"ಮಾಡಬಾರದು." ಗದ್ದೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೂ ನಿಯಮ ತಿಳೀಲಿಲ್ಲಕ್ಕ. ಬಸ್ಸಪ್ಪ ಕೇಳಿ ಬರದ್ರೂ ಮಾಸ್ತರ್ ಉತ್ತರ ಬರಲಿಲ್ಲ. ಯಾರಾರ ಒಬ್ಬರು ಸೋಲಬೇಕಲ್ಲ? ಬಸ್ಸಪ್ಪ ಸೋತ್ರ ನಕ್ಕು ಇನ್ನೆರಡು ರೊಟ್ಟಿ ಹಾಕು ಅಂತಾನ. ಪಂಪಣ್ಣ ಸೋತ್ರ ಬಾಯಿ ಬಿಡಂಗಿಲ್ಲ, ತಿರುಗಿ ಬರಂಗೂ ಇಲ್ಲ. ಅದಕ್ಕ ತಡಕೊಳ್ಳೋನಿಗೆ ಸೋಲು ಕಳಿಸಿದೆ."

"ತಡಕೊಂತಾನ ಅಂತ ಅವನನ್ನ ಕೇಳಿದೇನು?"

ಗದ್ದೆಮ್ಮ ತಲೆ ಅಲ್ಲಾಡಿಸಿದಳು.

"ಬಂದ ದಿನದಿಂದ ಪತ್ರ ಮಡಚಿ ಮಡಚಿ ಅರಿವಿ ಮಾಡ್ಯಾನ. ಅವ ನಗೋದು ಮಂದಿ ಮುಂದ."

ಗದ್ದೆಮ್ಮ ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಹಾಕಿ, ಸೆರಗು ಬಿಗಿದು ಎದ್ದಳು. "ನಡಿ. ನಾನ ಹೇಳ್ತೀನಿ. ನೀ ಹೇಳಿದ್ರ ನನಗ ಮರ್ಯಾದಿ ಅಲ್ಲ."

ಹೊರಗೆ ಬಂದವಳು ಎಲ್ಲರ ಮುಂದೆ, ಒಂದಕ್ಷರ ಬಿಡದೆ ಹೇಳಿದಳು. ಬಸ್ಸಪ್ಪ ಬಾಯಿ ಬಿಟ್ಟುಕೊಂಡು ಕೇಳಿದ.

"ನಾ ಸೋತ್ರ ನಗ್ತೀನಿ ಅಂತ ಯಾರು ಹೇಳಿದ್ರಬೇ ನಿನಗ?" ಎಂದ ಕಡೆಗೆ. "ಎರಡು ದಿನ ಉಂಡಿಲ್ಲ ನಾ! ಮನಿಯಾಗ ಜ್ವರ ಬಂದೈತಿ ಅಂತ ಕಷಾಯ ಕುಡಿಸ್ಯಾರ!"

"ತಪ್ಪಾತಪ್ಪ. ಕುಂದ್ರು, ನಾಕು ರೊಟ್ಟಿ ಹಾಕ್ತೀನಿ."

"ಆರು ಹಾಕು," ಎಂದ ಬಸ್ಸಪ್ಪ ಮುಖ ಗಂಟು ಹಾಕಿಕೊಂಡು. ಮತ್ತೆ ನಗೆ ಎದ್ದಿತು. ಗದ್ದೆಮ್ಮ ಕಣ್ಣೊರೆಸಿಕೊಂಡೇ ಒಳಗೆ ಹೋದಳು.

ಹನ್ನೊಂದು ಹನ್ನೆರಡರ ಲೆಕ್ಕವನ್ನೂ ಅಂಚೆಯ ಮುದ್ರೆಯನ್ನೂ ರಹೀಮಾಬೀ ಎಲ್ಲರಿಗೂ ಬಿಡಿಸಿ ಹೇಳಿದಳು. "ಅಂದ್ರ ಪಂಪಣ್ಣನ ಪತ್ರಾನೇ ಖರೇ," ಎಂದ ಮುದುಕ. ಊಟ ಮುಗಿದು ಒಂದು ತಾಸಾಗಿದ್ದರೂ ಅವನು ಎದ್ದಿರಲಿಲ್ಲ. "ಮುದಗಲ್ ಮುದ್ರಿ, ಹನ್ನೆರಡನೇ ನಂಬರು. ಮಾಸ್ತರ್ ಕೈದೇ ಅದು. ಬಾವುಟದ ಹಡಗು ಬಿದ್ದಿಲ್ಲ, ಬಸ್ಸಪ್ಪ ಗುಂಡು ಹಾರಿಸಬಹುದು."

ಪಂಪಣ್ಣ ಒಮ್ಮೆ ತಲೆಯಾಡಿಸಿದ. "ಹಾರಿಸಲಿ."

ಅಷ್ಟೇ. ಸೋಲು ಎದುರಿಗೆ ನಿಂತಾಗ ಮನುಷ್ಯನ ಮುಖದಲ್ಲಿ ಏನಾದರೂ ಕಾಣಬೇಕು. ರಹೀಮಾಬೀ ಹುಡುಕಿದಳು. ಕಂಡದ್ದು ಒಂದು ಬಗೆಯ ನಿರಾಳ, ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವನ ನಿರಾಳ. ಅವನ ಪತ್ರವನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡಳು. ಅದು ಗರಿಗರಿಯಾಗಿತ್ತು. ಸೋಲಿನ ಸುದ್ದಿಯನ್ನು ಬಸ್ಸಪ್ಪ ನೂರು ಸಲ ಓದಿದ್ದ. ಈ ಮನುಷ್ಯ ಎರಡನೇ ಸಲ ಬಿಚ್ಚಿದಂತೆಯೇ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿತು. ನಾಲ್ಕು ಗಂಟೆ.

*

ಸಂತೆಕಲ್ಲೂರಿನ ಮೇಲೆ ಬರುವ ಮುದಗಲ್ ಬಸ್ಸು ಖಾನಾವಳಿಯ ಎದುರಿಗೇ ನಿಂತಿತು. ಕಂಡಕ್ಟರ್ ಕೈಹಿಡಿದು ಇಳಿಸಿದ ಮುದುಕರನ್ನು ನೋಡಿ ಒಳಗಿದ್ದವರೆಲ್ಲ ಎದ್ದು ನಿಂತರು.

ಬಿಳಿ ಧೋತರ, ಬಿಳಿ ಟೋಪಿ, ಕೈಯಲ್ಲಿ ಕೋಲು, ಬಗಲಲ್ಲಿ ಬಟ್ಟೆ ಸುತ್ತಿದ ಗಂಟು. ಬಲಗಣ್ಣಿನ ಮೇಲೆ ಹಸಿರು ಪಟ್ಟಿ.

"ಯಾರ್ಯಾರು ಅದೀರಲೇ?" ಎಂದರು ವೆಂಕೋಬ ಮಾಸ್ತರ್ ಬಾಗಿಲಲ್ಲೇ. "ಗದ್ದೆಮ್ಮನ ರೊಟ್ಟಿ ಸೀದ ವಾಸನಿ ಬಂತು. ಆಕಿ ಅದಾಳ. ಉಳಿದೋರು ಬಾಯಿ ಬಿಡ್ರಿ."

"ಮಾಸ್ತರ, ನಾನು ರಹೀಮಾಬೀ. ಕಂಡಕ್ಟರ್ ಕೈಲಿ ನಾನೇ ಹೇಳಿ ಕಳಿಸಿದ್ದೆ. ಕಣ್ಣಿಗೆ ಏನಾತ್ರಿ?"

"ಪೊರಿ ತಗಸೀನಿ ತಂಗಿ. ಒಂದು ತಿಂಗಳಾತು. ಇನ್ನೊಂದು ಕಣ್ಣು ಮೊದಲೇ ಮಂಜು. ಡಾಕ್ಟರ್ ಪೆನ್ನು ಪುಸ್ತಕ ಮುಟ್ಟಬ್ಯಾಡ ಅಂದಾನ. ಮುಟ್ಟಿದ್ರೂ ಕಾಣಬೇಕಲ್ಲ!" ಮಾಸ್ತರ್ ತಾವೇ ನಕ್ಕರು.

ಉಳಿದವರು ಯಾರೂ ನಗಲಿಲ್ಲ.

"ಒಂದು ತಿಂಗಳಿಂದ ಏನೂ ಬರದಿಲ್ಲೇನ್ರಿ?" ಬಸ್ಸಪ್ಪನ ದನಿ ಇಳಿದಿತ್ತು. "ಪತ್ರ?"

"ಸಹಿ ಸುದ್ದಾ ಹಾಕಿಲ್ಲ."

ರಹೀಮಾಬೀಯ ಕೈಯಲ್ಲಿದ್ದ ಗರಿಗರಿ ಪತ್ರ ಒಮ್ಮೆ ಸದ್ದು ಮಾಡಿತು. ಗದ್ದೆಮ್ಮನ ಪತ್ರ ಸುಳ್ಳು. ಇದೂ ಸುಳ್ಳು. ಮಾಸ್ತರರ ಹೆಸರಿಗೆ ಅಂಟಿದ ಮಸಿ ತೊಳೆದುಹೋಯಿತೆಂದು ಸಮಾಧಾನ ಪಡಬೇಕೋ, ಹೊಸ ಗಂಟು ಬಿತ್ತೆಂದು ಚಿಂತಿಸಬೇಕೋ ತಿಳಿಯಲಿಲ್ಲ.

"ನಿಯಮ ಕೇಳಾಕ ಕರಸೀರಿ, ಹೌದಲ್ಲೋ?" ಮಾಸ್ತರ್ ಕುರ್ಚಿಯಲ್ಲಿ ಕುಳಿತು ಗಂಟು ಬಿಚ್ಚಿದರು. ಬೆನ್ನು ಹರಿದ ದಪ್ಪ ನೋಟ್‌ಬುಕ್ಕು. "ನನ್ನ ಮಾತು ಯಾಕ? ನೋಟ್‌ಬುಕ್ ತಂದೀನಿ. ರಹೀಮಾಬೀ, ಹನ್ನೆರಡನೇದು ನೀನ ಓದು. ನನ್ನ ಅಕ್ಷರ ನಿನ್ನಷ್ಟು ಯಾರಿಗೂ ಗೊತ್ತಿಲ್ಲ."

ರಹೀಮಾಬೀ ಪುಟ ತಿರುವಿದಳು. ಹನ್ನೆರಡು ವರ್ಷದ ಹಿಂದೆ ಇದೇ ಪುಟವನ್ನು ಎದುರಿಗಿಟ್ಟುಕೊಂಡು ಮೊಳೆ ಆರಿಸಿದ್ದಳು. ದುಂಡು ಅಕ್ಷರ, ಹಳತಾಗಿ ಕಂದಿದ ಮಸಿ.

'೧೨. ತುಕಡಿಯ ಮುಂದಾಳಿನ ಹಡಗು ಬಿದ್ದರೆ...'

ಅವಳು ಮತ್ತೆ ಓದಿದಳು. ಅಕ್ಷರ ಅಕ್ಷರವಾಗಿ ಓದಿದಳು. ಮುಂ. ದಾ. ಳಿ. ನ.

ಮುಂದಿನ ಅಲ್ಲ. ಮುಂದಾಳಿನ.

ಅದು ಮದುವೆ ಪತ್ರಿಕೆಗಳ ಸುಗ್ಗಿ. ಒಂದೇ ವಾರದಲ್ಲಿ ಹದಿನೇಳು ಮದುವೆ. ಕೈ ಓಡುತ್ತಿತ್ತು, ಕಣ್ಣು ಹಿಂದೆ ಬೀಳುತ್ತಿತ್ತು. ಎರಡು ಮೊಳೆ ಎತ್ತುವಲ್ಲಿ ಒಂದನ್ನೇ ಎತ್ತಿದ್ದಳು. ಆ ಒಂದು ಮೊಳೆ ಹನ್ನೆರಡು ವರ್ಷ ಸುಮ್ಮನಿದ್ದು, ಈಗ ಎದ್ದು ಎರಡು ಊರನ್ನು ಬೇರೆ ಮಾಡಲು ನೋಡಿತ್ತು.

ಇಷ್ಟು ದಿನ ಬೇರೆಯವರ ತಪ್ಪು ಹುಡುಕಿದ ಕಣ್ಣು ಇದು.

ಸುಮ್ಮನಿದ್ದುಬಿಟ್ಟರೆ? ಮಾಸ್ತರರಿಗೆ ಕಾಣುವುದಿಲ್ಲ, ಉಳಿದವರಿಗೆ ಅರ್ಥವನ್ನಷ್ಟೇ ಹೇಳಿದರೆ ಸಾಕು. ಆ ಯೋಚನೆ ಬಂದದ್ದೇ ಅವಳಿಗೆ ನಾಚಿಕೆಯಾಯಿತು. ಒಳಗೆ ಒಲೆಯ ಮುಂದಿನಿಂದ ಎದ್ದು ಬಂದ ಗದ್ದೆಮ್ಮ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು.

"ತಪ್ಪು ನಂದು," ಎಂದಳು ರಹೀಮಾಬೀ ಗಟ್ಟಿಯಾಗಿ. ನೋಟ್‌ಬುಕ್ಕನ್ನು ಎಲ್ಲರ ಕಡೆ ತಿರುಗಿಸಿದಳು. "ಮಾಸ್ತರ್ ಬರದದ್ದು ಮುಂದಾಳಿನ ಹಡಗು. ಮುಂದಾಳು ಅಂದ್ರ ನಾಯಕ, ಬಾವುಟದ್ದು. ಅಚ್ಚಿನಾಗ ಮುಂದಿನ ಅಂತ ಮಾಡಿದಾಕಿ ನಾನು. ಈ ಜಗಳ ಹಚ್ಚಿದಾಕಿ ನಾನು."

ಬಸ್ಸಪ್ಪ ಮೇಜಿನ ಹತ್ತಿರ ಬಂದು ಸೊಳ್ಳೆಪರದೆ ಎತ್ತಿ, ತನ್ನ ತುಕಡಿಯನ್ನು ನೋಡಿ, ಮತ್ತೆ ಪರದೆ ಬಿಟ್ಟ.

"ಆ ಒಂದು ಮೊಳಿ ಸರಿ ಇದ್ದಿದ್ರ ನಾ ಹೋದ ಭಾನುವಾರನ ಗೆದ್ದು ಮನಿಗೆ ಹೋಗ್ತಿದ್ದೆ ಅಕ್ಕಾ," ಎಂದ. "ಇಷ್ಟು ಮಜಾ ಎಲ್ಲಿ ಸಿಗ್ತಿತ್ತು?"

ಮಾಸ್ತರ್ ಕೋಲು ನೆಲಕ್ಕೆ ಕುಟ್ಟಿ ನಕ್ಕರು. "ನೋಡ್ರಲೇ ಇವನ! ತಂಗಿ, ಪ್ರೂಫ್ ತಿದ್ದಿ ಒಪ್ಪಿಗಿ ಕೊಟ್ಟಾವ ನಾನು. ನನ್ನ ಕಣ್ಣಿಗೂ ಬೀಳಲಿಲ್ಲ. ಅರ್ಧ ತಪ್ಪು ನನ್ನ ಪಾಲಿಗೆ ಹಾಕು."

ಎದೆಯ ಮೇಲಿನ ಭಾರ ಅರ್ಧವಲ್ಲ, ಮುಕ್ಕಾಲು ಇಳಿಯಿತು. ನಿಯಮ ಬಗೆಹರಿದಿತ್ತು. ಮಾಸ್ತರರ ಹೆಸರು ಉಳಿದಿತ್ತು. ಅಚ್ಚಿನ ಕಲ್ಲಿನ ಮೇಲಿನ ಖಾಲಿ ಸಾಲಿಗೆ ಯಾವ ಶಬ್ದ ಎಂದು ತಿಳಿದಿತ್ತು.

ಆದರೆ ಆ ಗರಿಗರಿ ಪತ್ರ ಇನ್ನೂ ಅವಳ ಕೈಯಲ್ಲೇ ಇತ್ತು.

"ಮಾಸ್ತರ, ಇತ್ತೀಚಿಗೆ ಈ ನೋಟ್‌ಬುಕ್ ಬ್ಯಾರೆ ಯಾರರ ನೋಡಿದ್ರೇನ್ರಿ?"

"ಹೂಂ. ಪಂಪಣ್ಣ. ಮಂಗಳವಾರ ಹಣ್ಣು ಹಿಡಕೊಂಡು ಬಂದಿದ್ದ. ನಿಯಮ ಕೇಳಿ ಬಸ್ಸಪ್ಪ ಬರದ ಪತ್ರ ಬಂದು ಬಿದ್ದಿತ್ತು, ಅದನ್ನ ಓದಿ ಹೇಳಿದ. ನೋಟ್‌ಬುಕ್ ತಗದು ಹನ್ನೆರಡನೇದೂ ಓದಿದ. ಉತ್ತರ ತಾನೇ ತಿಳಿಸ್ತೀನಿ ಅಂದ."

ಎಲ್ಲರ ತಲೆಯೂ ಪಂಪಣ್ಣನ ಕಡೆ ತಿರುಗಿತು.

"ತಿಳಿಸೀನಿ," ಎಂದ ಪಂಪಣ್ಣ, ನೆಲ ನೋಡುತ್ತ. "ನನಗ ನಾನ ತಿಳಿಸೀನಿ. ಮುದಗಲ್ ಡಬ್ಬಿಗೆ ನಾನ ಹಾಕೀನಿ."

"ಸೋಲೋ ಪತ್ರ?" ಬಸ್ಸಪ್ಪ ಕೂಗಿದ. "ನಿನ್ನ ಹೆಸರಿಗೆ ನೀನ ಬರಕೊಂಡಿ? ಎದುರಿಗೆ ಬಂದು ಹೇಳಿದ್ರ ಆಗ್ತಿತ್ತಲ್ಲೋ!"

"ನಾ ಬಾಯಿಲೆ ಹೇಳಿದ್ರ ಬಿಟ್ಟುಕೊಟ್ಟಂಗ ಕಾಣ್ತಿತ್ತು. ನಿನಗ ಬ್ಯಾರೆ ಪತ್ರ ಬಂದೈತಿ ಅಂತ ಗೊತ್ತಾದ ಮ್ಯಾಲ ಹೊರಗ ತಗಿಯಾಕ ಧೈರ್ಯ ಆಗಲಿಲ್ಲ."

ರಹೀಮಾಬೀ ಅವನ ಎದುರಿಗೆ ಹೋಗಿ ನಿಂತಳು. "ಪಂಪಣ್ಣ, ಖರೇ ನಿಯಮ ನಿನಗ ಮಂಗಳವಾರನ ಗೊತ್ತಾಗೇತಿ. ಅದನ್ನ ಮುಚ್ಚಿಟ್ಟಿದ್ರ ನೀ ಗೆಲ್ತಿದ್ದಿ, ಮುಚ್ಚಿಡಲಿಲ್ಲ. ಅದು ನಿನ್ನ ದೊಡ್ಡ ಗುಣ. ಆದ್ರ ಸೋತಾವಗ ಇಷ್ಟು ಹಗುರ ಯಾಕ? ನಿನಗ ಗೆಲ್ಲೋದು ಬ್ಯಾಡಾಗಿತ್ತೇನು?"

ಪಂಪಣ್ಣ ಬಗಲಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ಆಟ ನಿಂತ ಮ್ಯಾಲ, ಗೆಲ್ಲಬ್ಯಾಡ ಅಂತ ನನ್ನ ಕಡಿಂದ ಮಾತು ತಗೊಂಡಾರಕ್ಕ," ಎಂದ. "ತಗೊಂಡವ್ರು ಇಲ್ಲೇ ಅದಾರ. ಹೆಸರು ಮಾತ್ರ ಕೇಳಬ್ಯಾಡ್ರಿ."

ಬಸ್ಸಪ್ಪ ಗದ್ದೆಮ್ಮನನ್ನು ನೋಡಿದ. ಗದ್ದೆಮ್ಮ ಬಸ್ಸಪ್ಪನನ್ನು ನೋಡಿದಳು. ಇಬ್ಬರೂ ಒಟ್ಟಿಗೆ, "ನಾನಲ್ಲಪಾ!" ಎಂದರು.

ಒಬ್ಬರು ಮಾತ್ರ ಯಾರ ಕಡೆಗೂ ಮುಖ ಮಾಡಲಿಲ್ಲ. ನೋಟ್‌ಬುಕ್ಕನ್ನು ತಡವರಿಸಿ ಬಟ್ಟೆಯಲ್ಲಿ ಸುತ್ತಿಕೊಂಡು, ಕೋಲು ಊರಿಕೊಂಡು, ಸದ್ದಾಗದಂತೆ ಬಾಗಿಲ ಕಡೆ ಹೊರಟಿದ್ದರು.

"ಮಾಸ್ತರ," ರಹೀಮಾಬೀ ಅಡ್ಡ ನಿಂತಳು. "ತಿರುಗಿ ಹೋಗೋ ಬಸ್ಸು ಆರಕ್ಕ. ಈಗಿನ್ನೂ ನಾಕೂವರಿ."

ವೆಂಕೋಬ ಮಾಸ್ತರರ ಕೋಲು ನಿಂತಿತು. ನಗುವ ಆ ಮುಖದಲ್ಲಿ ಈಗ ನಗುವಿರಲಿಲ್ಲ.

"ದಾರಿ ಬಿಡು ತಂಗಿ," ಎಂದರು ಬಹಳ ಮೆತ್ತಗೆ, ಅವಳೊಬ್ಬಳಿಗೇ ಕೇಳುವಷ್ಟು. "ಅವನ ಹೆಸರು ಮೊದಲ ಪುಟಕ್ಕ ಬರಬಾರದು ಅಂತ ಯಾಕ ಮಾತು ತಗೊಂಡೆ ಅಂತ ನೀ ಕೇಳಿದ್ರ, ಈ ಆಟ ಮಾಡಿದಾವ ನಾನಲ್ಲ ಅಂತ ನಾ ಹೇಳಬೇಕಾಗ್ತೈತಿ."